ದೂರದರ್ಶಕದಲ್ಲಿ ಚಂದ್ರನ ಮೊಲ ಉಲ್ಟಾ ಕೂತಿದೆ! ನೆಟ್ಟಗೆ ತೋರಿಸುವ ಡಯಾಗೊನಲ್ ಕೊಳ್ಳಬೇಕಾ?

ತುಮಕೂರು_ತಾರಸಿ
ಎಲ್ಲರಿಗೂ ನಮಸ್ಕಾರ. ಮೊನ್ನೆ ಹುಣ್ಣಿಮೆ ಹಿಂದಿನ ದಿನ ಅಮ್ಮನನ್ನು ತಾರಸಿಗೆ ಕರೆದುಕೊಂಡು ಹೋಗಿ ಚಂದ್ರನನ್ನು ತೋರಿಸಿದೆ. ಅಮ್ಮ ಒಂದು ನಿಮಿಷ ನೋಡಿದರು. ಕಣ್ಣು ತೆಗೆದು ಬರಿಗಣ್ಣಲ್ಲಿ ಮೇಲೆ ನೋಡಿದರು. ಮತ್ತೆ ಬಗ್ಗಿ ನೋಡಿದರು. ಆಮೇಲೆ ಕೇಳಿದ್ದು: "ಮೊಲ ಯಾಕೋ ಆ ಕಡೆ ತಿರುಗಿ ಕೂತಿದೆ?"

ನಾನು ಒಂದು ವರ್ಷದಿಂದ ನೋಡುತ್ತಿದ್ದೇನೆ, ಇದು ತಲೆಗೇ ಹೋಗಿರಲಿಲ್ಲ. ನನ್ನದು 80 ಮಿ.ಮೀ. ರಿಫ್ರ್ಯಾಕ್ಟರ್ (ಲೆನ್ಸಿನ ದೂರದರ್ಶಕ), ಫೋಕಲ್ ಲೆಂಗ್ತ್ 600. ಜೊತೆಗೆ ಬಂದ 90 ಡಿಗ್ರಿ ಸ್ಟಾರ್ ಡಯಾಗೊನಲ್ (ಬೆಳಕನ್ನು ಕನ್ನಡಿಯಿಂದ ಬಗ್ಗಿಸಿ ಐಪೀಸ್ ಕಡೆ ಕಳಿಸುವ ಮೊಳಕೈ), 25 ಮತ್ತು 10 ಮಿ.ಮೀ. ಐಪೀಸ್, 6×30 ನೇರ ಫೈಂಡರ್ (ಗುರಿ ಹಿಡಿಯುವ ಪುಟ್ಟ ದೂರದರ್ಶಕ). ಫೈಂಡರ್‌ನಲ್ಲಿ ಎಲ್ಲಾ ತಲೆಕೆಳಗು. ಐಪೀಸ್‌ನಲ್ಲಿ ಎಡ ಬಲ ಅದಲುಬದಲು. ಬರಿಗಣ್ಣಲ್ಲಿ ಒಂದು ಥರ. ಮೂರು ಕಡೆ ಮೂರು ಆಕಾಶ. ನಕ್ಷೆ ನೋಡಿ ಎಡಕ್ಕೆ ತಳ್ಳಿದರೆ ನಕ್ಷತ್ರ ಇನ್ನೆಲ್ಲೋ ಓಡುತ್ತದೆ.

ಚಿತ್ರವನ್ನು ಸರಿಯಾಗಿ ತೋರಿಸುವ ಡಯಾಗೊನಲ್ ಸಿಗುತ್ತದೆ ಅಂತ ಕೇಳಿದ್ದೇನೆ. ನನಗೆ ಫೋಟೋ ಗೀಟೋ ಬೇಡ. ಊಟ ಆದ ಮೇಲೆ ಕುರ್ಚಿ ಹಾಕಿಕೊಂಡು, ಕಡಲೆಕಾಯಿ ತಿನ್ನುತ್ತಾ, ಮನೆಯವರ ಜೊತೆ ಆರಾಮಾಗಿ ನೋಡಬೇಕು, ಅಷ್ಟೇ. ಕೊಳ್ಳಲಾ, ಬೇಡವಾ?

ಕನ್ನಡಿ_ಕಾಕಾ
ಬೇಡ. ಆಕಾಶದಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ. ನಾನು 20 ವರ್ಷದಿಂದ ಕನ್ನಡಿ ಡಯಾಗೊನಲ್‌ನಲ್ಲೇ ನೋಡುತ್ತಿದ್ದೇನೆ, ಯಾವ ನಕ್ಷತ್ರವೂ ದೂರು ಕೊಟ್ಟಿಲ್ಲ. ಆ ದುಡ್ಡಿಗೆ ಒಳ್ಳೆಯ ಐಪೀಸ್ ತಗೊಳ್ಳಿ.

ಸುಮ್ನೆ_ಬಂದೆ
ನಕ್ಷತ್ರ ದೂರು ಕೊಟ್ಟಿಲ್ಲ ಸರಿ, ಆದರೆ ಇಲ್ಲಿ ದೂರು ಕೊಟ್ಟಿದ್ದು ಅವರ ಅಮ್ಮ.

ಮೇಷ್ಟ್ರು_ಮನೆ
ಮೊದಲು ಯಾಕೆ ಹೀಗಾಗುತ್ತದೆ ಅಂತ ಹೇಳುತ್ತೇನೆ, ಆಮೇಲೆ ಜಗಳ ಆಡಿ.

ಬೆಳಕು ಎಷ್ಟು ಸಲ ಕನ್ನಡಿಗೆ ಬಡಿಯುತ್ತದೆ ಅಂತ ಎಣಿಸಿ. ಲೆನ್ಸ್ ಲೆಕ್ಕಕ್ಕಿಲ್ಲ, ಅದು ಚಿತ್ರವನ್ನು ಬರೀ ಅರ್ಧ ಸುತ್ತು ತಿರುಗಿಸುತ್ತದೆ. ಸಮ ಸಂಖ್ಯೆ ಬಂದರೆ ಚಿತ್ರ ತಲೆಕೆಳಗಾಗಿರಬಹುದು, ಆದರೆ ನಕ್ಷೆಯ ಪುಸ್ತಕ ತಿರುಗಿಸಿ ಹಿಡಿದರೆ ಸರಿಹೋಗುತ್ತದೆ. ಬೆಸ ಸಂಖ್ಯೆ ಬಂದರೆ ಕನ್ನಡಿ ಬಿಂಬ. ಪುಸ್ತಕವನ್ನು ಹೇಗೆ ತಿರುಗಿಸಿದರೂ ಹೊಂದುವುದಿಲ್ಲ.

ಡಯಾಗೊನಲ್ ಇಲ್ಲದ ರಿಫ್ರ್ಯಾಕ್ಟರ್: ಸೊನ್ನೆ. ತಲೆಕೆಳಗು, ಆದರೆ ಬಿಂಬ ಅಲ್ಲ. ನಿಮ್ಮ ಫೈಂಡರ್ ಇದೇ ಜಾತಿ. ಅದಕ್ಕೆ ಸ್ಟಾರ್ ಡಯಾಗೊನಲ್ ಸೇರಿಸಿದರೆ ಒಂದು: ನೆಟ್ಟಗೆ ನಿಲ್ಲುತ್ತದೆ, ಎಡ ಬಲ ಬದಲು. ಇನ್ನು ಕನ್ನಡಿ ದೂರದರ್ಶಕಗಳು: ನ್ಯೂಟೋನಿಯನ್‌ನಲ್ಲಿ ಎರಡು ಕನ್ನಡಿ, ಹಾಗಾಗಿ ಬರೀ ತಿರುಗಿದ ಚಿತ್ರ. ಷ್ಮಿಟ್-ಕ್ಯಾಸೆಗ್ರೇನ್‌ಗೆ ಎರಡು, ಡಯಾಗೊನಲ್ ಸೇರಿ ಮೂರು, ಮತ್ತೆ ಬಿಂಬ.

ನೀವು ಕೇಳುತ್ತಿರುವುದು ಅಮಿಚಿ ಪ್ರಿಸಂ. ಇಟಲಿಯ ಜೊವಾನ್ನಿ ಬತ್ತಿಸ್ತ ಅಮಿಚಿ ಹೆಸರಿನದ್ದು. ಅದರ ಒಳಗೆ ಹೆಂಚಿನ ಮನೆ ಸೂರಿನ ಥರ ಎರಡು ಮುಖ ಕೂಡುತ್ತವೆ. ಬೆಳಕು ಒಂದರಿಂದ ಇನ್ನೊಂದಕ್ಕೆ ಹಾರಿ ಎರಡು ಸಲ ಬಡಿಯುತ್ತದೆ. ಒಂದು ಇದ್ದದ್ದು ಎರಡಾಯಿತು, ಬೆಸ ಹೋಗಿ ಸಮ ಆಯಿತು. ಮೊಲ ಸರಿಯಾಗಿ ಕೂತಿತು.

ಅಮ್ಮನ_ಟಾರ್ಚು
ಮೇಷ್ಟ್ರೇ, ಎಂಟು ವರ್ಷದಿಂದ ಇದನ್ನು ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಸೂರಿನ ಮಾತು ಚೆನ್ನಾಗಿದೆ.

ಹಕ್ಕಿಪುಕ್ಕ
ನಾನು ಆಕಾಶದವನಲ್ಲ, ಹಕ್ಕಿಯವನು. ನನ್ನ ಚಿಕ್ಕ ಟೆಲಿಸ್ಕೋಪ್ ಜೊತೆ 45 ಡಿಗ್ರಿ ಅಮಿಚಿ ಬಂದಿತ್ತು. ಎದುರಿನ ಅರಳಿ ಮರದ ಕುಟ್ರುಹಕ್ಕಿ ಅದರಲ್ಲಿ ಸೊಗಸಾಗಿ ಕಾಣುತ್ತದೆ. ನೆಟ್ಟಗೆ ಕಾಣದಿದ್ದರೆ ಹಕ್ಕಿ ಹಿಂದೆ ಟ್ಯೂಬ್ ತಿರುಗಿಸೋಕೆ ಆಗಲ್ಲ, ಅದು ಬಲಕ್ಕೆ ಹಾರಿದರೆ ನಾವು ಎಡಕ್ಕೆ ಓಡುತ್ತೇವೆ. ಅದನ್ನೇ ಚಂದ್ರನಿಗೂ ಬಳಸುತ್ತೇನೆ. ಅದೇ ತಗೊಳ್ಳಿ, ಅಗ್ಗ.

ಕುತ್ತಿಗೆ_ನೋವು
45 ಡಿಗ್ರಿ ಮಾತ್ರ ಬೇಡವೇ ಬೇಡ. ನನ್ನ ಹೆಸರು ನೋಡಿ.

ಬವೇರಿಯಾ_ಬೆಳಗಾವಿ
ಯಾಕೆ ಬೇಡ? ನಾನು ಮ್ಯೂನಿಕ್ ಹತ್ತಿರ ಇದ್ದೇನೆ. ಮನೆ ಹಿತ್ತಲಲ್ಲಿ 45 ಡಿಗ್ರಿಯದ್ದನ್ನೇ ಹಾಕಿ ಶನಿಯನ್ನು ಇಡೀ ಶರತ್ಕಾಲ ನೋಡಿದೆ. ಒಂದು ದಿನವೂ ಕುತ್ತಿಗೆ ನೋಯಲಿಲ್ಲ.

ಮೇಷ್ಟ್ರು_ಮನೆ
ನೀವಿಬ್ಬರೂ ಸರಿ. ಬರೀ ಊರು ಬೇರೆ.

ಒಂದು ಕಾಯ ದಕ್ಷಿಣೋತ್ತರ ರೇಖೆ ದಾಟುವಾಗ ಎಷ್ಟು ಎತ್ತರ ಇರುತ್ತದೆ? 90ರಿಂದ ನಿಮ್ಮ ಅಕ್ಷಾಂಶಕ್ಕೂ ಅದರ ಡೆಕ್ಲಿನೇಷನ್‌ಗೂ (ಆಕಾಶದ ಸಮಭಾಜಕದಿಂದ ಅದು ಎಷ್ಟು ಡಿಗ್ರಿ ಉತ್ತರಕ್ಕೋ ದಕ್ಷಿಣಕ್ಕೋ ಇದೆ ಅನ್ನೋದು) ಇರುವ ಅಂತರ ಕಳೆಯಿರಿ. ಮ್ಯೂನಿಕ್ 48 ಡಿಗ್ರಿ ಉತ್ತರ. ನೀವು ನೋಡಿದಾಗ ಶನಿ ಆಕಾಶದ ಸಮಭಾಜಕದ ಹತ್ತಿರ ಇತ್ತು, ಸೊನ್ನೆ ಅಂದುಕೊಳ್ಳಿ. ಅಲ್ಲಿ ಶನಿಯ ಎತ್ತರ 42 ಡಿಗ್ರಿ. 45 ಡಿಗ್ರಿ ಪ್ರಿಸಂ ಹಾಕಿದರೆ ಕಣ್ಣಿನ ನೋಟ ಹೆಚ್ಚುಕಡಿಮೆ ನೆಲಕ್ಕೆ ಸಮ. ರಾಜನ ಹಾಗೆ ಕೂತು ನೋಡಬಹುದು.

ತುಮಕೂರು 13 ಡಿಗ್ರಿ. ಅದೇ ಶನಿ ಇಲ್ಲಿ 77 ಡಿಗ್ರಿ. ಗುರು ಮಿಥುನದಲ್ಲಿದ್ದಾಗ ಡೆಕ್ಲಿನೇಷನ್ ಸುಮಾರು 22. ಎತ್ತರ 81. ಅಂದರೆ ನೆತ್ತಿಯೇ, ಅದೂ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ. ಕೃತ್ತಿಕೆಯೂ ಅಷ್ಟೇ. 45 ಡಿಗ್ರಿ ಪ್ರಿಸಂನಲ್ಲಿ ಗುರುವನ್ನು ನೋಡಬೇಕಾದರೆ ಟ್ಯೂಬಿನ ಬುಡದ ಕೆಳಗೆ ತಲೆ ತೂರಿಸಿ 36 ಡಿಗ್ರಿ ಮೇಲಕ್ಕೆ ನೋಡಬೇಕು. 90 ಡಿಗ್ರಿಯದ್ದರಲ್ಲಿ ಬರೀ 9 ಡಿಗ್ರಿ ಕೆಳಗೆ. ನಮ್ಮ ನಾಡಿನಲ್ಲಿ ಒಳ್ಳೊಳ್ಳೆಯದೆಲ್ಲಾ ನೆತ್ತಿ ಮೇಲೇ ಹೋಗುತ್ತದೆ, ಅದೇ ನಮ್ಮ ಭಾಗ್ಯ, ಅದೇ ನಮ್ಮ ಕುತ್ತಿಗೆಯ ಕರ್ಮ.

ಕುತ್ತಿಗೆ_ನೋವು
ನನ್ನ ಜೀವನವನ್ನು ಒಂದು ಪ್ಯಾರಾದಲ್ಲಿ ಬರೆದುಬಿಟ್ಟಿರಿ. ನಾನು ಚಾಪೆ ಹಾಸಿ ಮಲಗಿಕೊಂಡೇ ಗುರುವನ್ನು ನೋಡಿದ್ದು. ಹೆಂಡತಿ ಮೇಲೆ ಬಂದು ಏನಾಯಿತು ಅಂತ ಗಾಬರಿಯಾದಳು.

ಬವೇರಿಯಾ_ಬೆಳಗಾವಿ
ಒಪ್ಪಿದೆ. ಇದನ್ನು ಯೋಚಿಸಿಯೇ ಇರಲಿಲ್ಲ. ಇಲ್ಲಿ ಬೇಸಿಗೆಯಲ್ಲಿ ಧನು ರಾಶಿಯ ಹೆಚ್ಚಿನ ಭಾಗ 20 ಡಿಗ್ರಿ ಎತ್ತರವೂ ಬರುವುದಿಲ್ಲ, ಪಕ್ಕದ ಮನೆ ಚಿಮಣಿ ಹಿಂದೆಯೇ ಹುಟ್ಟಿ ಅಲ್ಲೇ ಮುಳುಗುತ್ತದೆ. ನಿಮ್ಮ ಕುತ್ತಿಗೆ ನೋವು ನನಗೆ ಕೊಡಿ, ಈ ಚಿಮಣಿ ನೀವು ತಗೊಳ್ಳಿ.

ಡಾಬ್_ದಾವಣಗೆರೆ
ನಾನು 8 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲಿನ ನ್ಯೂಟೋನಿಯನ್) ಇಟ್ಟುಕೊಂಡಿದ್ದೇನೆ. ಅದಕ್ಕೂ ಈ ಅಮಿಚಿ ಹಾಕಬಹುದು ಅಲ್ವಾ?

ಕನ್ನಡಿ_ಕಾಕಾ
ಆಗಲ್ಲ. ಪ್ರಿಸಂ ಒಳಗೆ ಬೆಳಕು ಓಡುವ ದಾರಿಯೇ ಹತ್ತಿರ ಹತ್ತಿರ 7 ಸೆಂ.ಮೀ. ಫೋಕಸರ್ ಅಷ್ಟು ಒಳಕ್ಕೆ ಹೋಗಬೇಕು. ನ್ಯೂಟೋನಿಯನ್‌ನಲ್ಲಿ ಅಷ್ಟು ಜಾಗ ಇರುವುದಿಲ್ಲ. ಬರೀ ಮಸುಕು ಕಾಣುತ್ತದೆ.

ಡಾಬ್_ದಾವಣಗೆರೆ
ಹಾಗಾದರೆ ಪೆಟ್ಟಿಗೆಯಲ್ಲಿ "ಇರೆಕ್ಟಿಂಗ್ ಐಪೀಸ್" ಅಂತ ಒಂದು ಉದ್ದನೆ ಕೊಳವೆ ಬರುತ್ತದಲ್ಲ, ಅದು?

ಮೇಷ್ಟ್ರು_ಮನೆ
ಅದು ಬೇರೆ ಉಪಾಯ. ಅದರೊಳಗೆ ಪ್ರಿಸಂ ಇಲ್ಲ, ಲೆನ್ಸ್ ಇದೆ. ತಿರುಗಿದ ಚಿತ್ರವನ್ನು ಇನ್ನೊಮ್ಮೆ ತಿರುಗಿಸುತ್ತದೆ. ಜೊತೆಗೆ ಸಾಮಾನ್ಯವಾಗಿ ಒಂದೂವರೆ ಪಟ್ಟು ದೊಡ್ಡದೂ ಮಾಡುತ್ತದೆ. ಹಗಲು ಗುಡ್ಡದ ಮೇಲಿನ ಗುಡಿ ನೋಡೋಕೆ ಪರವಾಗಿಲ್ಲ. ರಾತ್ರಿ ಅದನ್ನು ಹಾಕಬೇಡಿ, ನೋಟ ಕಿರಿದಾಗಿ ಕೊಳವೆಬಾವಿಯೊಳಗಿಂದ ಆಕಾಶ ನೋಡಿದ ಹಾಗಾಗುತ್ತದೆ.

ಡಾಬ್‌ನಲ್ಲಿ ಐಪೀಸ್ ಟ್ಯೂಬಿನ ಪಕ್ಕದಲ್ಲಿರುತ್ತದೆ. ನೀವು ಹೇಗೆ ಬಗ್ಗಿ ನಿಂತಿರುತ್ತೀರೋ ಅದರ ಮೇಲೆ "ಮೇಲೆ" ಅನ್ನೋದೂ ಓರೆಯಾಗುತ್ತದೆ. ಅದಕ್ಕೆ ಯಾವ ಪ್ರಿಸಮ್ಮೂ ಪರಿಹಾರ ಅಲ್ಲ. ನಕ್ಷೆಯನ್ನು ತಿರುಗಿಸಿ ಹಿಡಿಯಿರಿ, ಸಾಕು. ನಿಮ್ಮದು ಸಮ ಸಂಖ್ಯೆ.

ಅಮ್ಮನ_ಟಾರ್ಚು
ಚಂದ್ರನ ವಿಷಯಕ್ಕೆ ಬರುತ್ತೇನೆ. ಚಂದ್ರಯಾನ-3 ಇಳಿದ ದಿನ (2023ರ ಆಗಸ್ಟ್ 23) ನಮ್ಮ ಬೀದಿ ಮಕ್ಕಳೆಲ್ಲಾ ಮನೆಗೆ ಬಂದಿದ್ದರು. ಲ್ಯಾಂಡರ್ ಕಾಣುವುದಿಲ್ಲ, ಇಳಿದ ಜಾಗ ಎಲ್ಲಿ ಅಂತ ಮಾತ್ರ ತೋರಿಸುತ್ತೇನೆ ಅಂತ ಮೊದಲೇ ಹೇಳಿದೆ. ಪತ್ರಿಕೆಯಲ್ಲಿ ಬಂದ ಚಂದ್ರನ ಚಿತ್ರ ಕೈಲಿ ಹಿಡಿದಿದ್ದೆ. ಇಳಿದದ್ದು ದಕ್ಷಿಣಕ್ಕೆ ಸುಮಾರು 69 ಡಿಗ್ರಿ, ಪೂರ್ವಕ್ಕೆ 32. ಚಿತ್ರದಲ್ಲಿ ಕೆಳಗೆ, ನಡುವಿನಿಂದ ಬಲಕ್ಕೆ. ಐಪೀಸ್‌ನಲ್ಲಿ ಕೆಳಗೆ ಎಡಕ್ಕೆ! ನಾನು "ಬಲಕ್ಕೆ ನೋಡಿ" ಅಂದೆ, ಮಕ್ಕಳು ಬಲಕ್ಕೆ ನೋಡಿದರು, ಚಪ್ಪಾಳೆಯೂ ತಟ್ಟಿದರು. ನಾನು ತಪ್ಪು ಜಾಗ ತೋರಿಸಿದ್ದು ಮರುದಿನ ಗೊತ್ತಾಯಿತು. ಇವತ್ತಿಗೂ ಯಾರಿಗೂ ಹೇಳಿಲ್ಲ. ನಿಮಗೇ ಮೊದಲು.

ಸುಮ್ನೆ_ಬಂದೆ
ಇಸ್ರೋಗೆ ಗೊತ್ತಾಗದಿರಲಿ.

ಕನ್ನಡಿ_ಕಾಕಾ
ಅದಕ್ಕೆ ಪ್ರಿಸಂ ಯಾಕೆ ಬೇಕು? ಕನ್ನಡಿ ಬಿಂಬದ ಚಂದ್ರನ ನಕ್ಷೆಗಳೇ ಅಚ್ಚಾಗಿ ಸಿಗುತ್ತವೆ. ಸ್ಟೆಲೇರಿಯಂ ಅನ್ನೋ ಆಕಾಶ ನಕ್ಷೆಯ ತಂತ್ರಾಂಶದಲ್ಲಿ ಕಂಟ್ರೋಲ್, ಶಿಫ್ಟ್, ಎಚ್ ಒತ್ತಿದರೆ ಇಡೀ ಆಕಾಶ ಎಡ ಬಲ ಬದಲಾಗುತ್ತದೆ. ಕಾಗದದ ನಕ್ಷೆ ಇದ್ದರೆ ಹಿಂದುಮುಂದು ಮಾಡಿ, ಹಿಂದಿನಿಂದ ಕೆಂಪು ಟಾರ್ಚ್ ಹಿಡಿಯಿರಿ. ಕಾಗದದ ಆಚೆಯಿಂದ ನಕ್ಷೆ ಕಾಣುತ್ತದೆ, ಅದೇ ನಿಮ್ಮ ಐಪೀಸ್ ನೋಟ. ಒಂದು ರೂಪಾಯಿ ಖರ್ಚಿಲ್ಲ. ಮಿದುಳು ಒಂದು ವಾರದಲ್ಲಿ ಹೊಂದಿಕೊಳ್ಳುತ್ತದೆ.

ಅಮ್ಮನ_ಟಾರ್ಚು
ಕಾಕಾ, ನಿಮ್ಮ ಮಿದುಳು ಹೊಂದಿಕೊಳ್ಳುತ್ತದೆ. ವರ್ಷಕ್ಕೆ ಎರಡು ಸಲ ಬಗ್ಗಿ ನೋಡುವ ಅಜ್ಜಿಯ ಮಿದುಳು ಯಾಕೆ ಹೊಂದಿಕೊಳ್ಳಬೇಕು? ಅವರು ಕಲಿಯೋಕೆ ಬಂದಿಲ್ಲ, ನೋಡೋಕೆ ಬಂದಿದ್ದಾರೆ. "ಅಲ್ಲಿ ನೋಡು" ಅಂತ ಬೆರಳು ತೋರಿಸಿದರೆ ಅಲ್ಲೇ ಇರಬೇಕು.

ಕನ್ನಡಿ_ಕಾಕಾ
ಖಗೋಳ ನೋಡೋದು ಅಂದರೆ ಸ್ವಲ್ಪ ಕಲಿಯೋದು ಇದ್ದೇ ಇರುತ್ತದೆ. ಖಗೋಳದವರು ಯಾರೂ ಯಾವತ್ತೂ ನೆಟ್ಟಗಿನ ಚಿತ್ರಕ್ಕೆ ತಲೆ ಕೆಡಿಸಿಕೊಂಡಿಲ್ಲ.

ಬವೇರಿಯಾ_ಬೆಳಗಾವಿ
ಕಾಕಾ, ಗೆಲಿಲಿಯೋ 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ನೋಡಿದ್ದು ನೆಟ್ಟಗಿನ ಚಿತ್ರದಲ್ಲೇ. ಅವನ ಐಪೀಸ್ ತಗ್ಗು ಮಸೂರ, ಅದು ತಿರುಗಿಸುವುದೇ ಇಲ್ಲ. ಉಬ್ಬು ಮಸೂರದ ಐಪೀಸ್ ಬಗ್ಗೆ ಕೆಪ್ಲರ್ ಬರೆದದ್ದು 1611ರಲ್ಲಿ. ತಲೆಕೆಳಗಿನ ಆಕಾಶ ಆಮೇಲೆ ಬಂದದ್ದು.

ಕನ್ನಡಿ_ಕಾಕಾ
ಗೆಲಿಲಿಯೋನ ನೋಟದಲ್ಲಿ ಇಡೀ ಚಂದ್ರ ಒಮ್ಮೆಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಕೆಪ್ಲರ್ ಕಡೆ ಹೋದರು. ನೆಟ್ಟಗೆ ಬೇಕೋ, ಅಗಲ ಬೇಕೋ ಅಂದಾಗ ಅಗಲ ಗೆದ್ದಿತು. ನನ್ನ ಮಾತೂ ಅದೇ.

ಸುಮ್ನೆ_ಬಂದೆ
ಕಾಕಾ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಮೇಷ್ಟ್ರು_ಮನೆ
ಚಂದ್ರನ ದಿಕ್ಕಿನ ಗೊಂದಲ ನಮ್ಮದೊಂದೇ ಅಲ್ಲ. ಹಳೆಯ ಚಂದ್ರ ನಕ್ಷೆಗಳಲ್ಲಿ ದಕ್ಷಿಣ ಮೇಲೆ ಇರುತ್ತಿತ್ತು, ದೂರದರ್ಶಕದಲ್ಲಿ ಹಾಗೆ ಕಾಣುತ್ತಿತ್ತಲ್ಲ. ಪೂರ್ವ ಪಶ್ಚಿಮವನ್ನೂ ನಮ್ಮ ಆಕಾಶದ ದಿಕ್ಕಿನಂತೆ ಹೇಳುತ್ತಿದ್ದರು. 1961ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಬದಲಿಸಿತು. ಚಂದ್ರನ ಮೇಲೆ ನಿಂತವನಿಗೆ ಸೂರ್ಯ ಎಲ್ಲಿ ಹುಟ್ಟುತ್ತಾನೋ ಅದೇ ಪೂರ್ವ ಅಂತಾಯಿತು. ಅದಕ್ಕೇ "ಪೂರ್ವದ ಸಮುದ್ರ" ಅನ್ನೋ ಅರ್ಥದ ಮೇರ್ ಓರಿಯೆಂಟಾಲೆ ಈಗ ಚಂದ್ರನ ಪಶ್ಚಿಮ ಅಂಚಿನಲ್ಲಿದೆ. ಹೆಸರು ಹಾಗೇ ಉಳಿಯಿತು.

ತುಮಕೂರು_ತಾರಸಿ
ಇಷ್ಟೊಂದು ಉತ್ತರ ಬರುತ್ತದೆ ಅಂತ ಗೊತ್ತಿರಲಿಲ್ಲ. 90 ಡಿಗ್ರಿ ಅಮಿಚಿ ಅಂತ ಹತ್ತಿರ ಹತ್ತಿರ ತೀರ್ಮಾನ ಆಗಿದೆ. ಕಾಕಾ ಹೇಳಿದ ಎಚ್ ಒತ್ತುವ ಉಪಾಯವೂ ಹಿಡಿಸಿತು. ಆದರೆ ಪ್ರಿಸಂ ಹಾಕಿದರೆ ಚಿತ್ರ ಕೆಡುತ್ತದೆ ಅಂತ ಎಲ್ಲೋ ಓದಿದೆ. ನಿಜವಾ?

ಮಲೆನಾಡ_ಮಂಜು
ಅರ್ಧ ನಿಜ. ನನ್ನ ಹತ್ತಿರ ಎರಡೂ ಇವೆ. ತೀರ್ಥಹಳ್ಳಿ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದದ್ದರಲ್ಲಿ ಅರ್ಧ ಇಬ್ಬನಿ. ಇರುವ ನಾಲ್ಕು ಒಳ್ಳೆ ರಾತ್ರಿಯಲ್ಲಿ ಎರಡನ್ನೂ ಬದಲಿಸಿ ಬದಲಿಸಿ ನೋಡಿದ್ದೇನೆ.

ಸೂರಿನ ಏಣು ಬೆಳಕಿನ ನಡುವೆ ಅಡ್ಡ ಬರುತ್ತದೆ. ಅದರಿಂದ ತುಂಬಾ ಹೊಳೆಯುವ ನಕ್ಷತ್ರದ ಮೂಲಕ ಒಂದು ಸಣ್ಣ ಗೆರೆ ಹಾದುಹೋಗುತ್ತದೆ. ಲುಬ್ಧಕನ ಮೇಲೆ ಖಂಡಿತ ಕಾಣುತ್ತದೆ. ಗುರುವನ್ನು 120 ಪಟ್ಟಿನಲ್ಲಿ ನೋಡಿದರೆ ಕೂಡ ಮಬ್ಬಾಗಿ ಒಂದು ಗೆರೆ. ಗುರುವಿನ ಮೈಮೇಲಿನ ಪಟ್ಟಿಗಳ ವಿವರ ಸ್ವಲ್ಪ ಮಂಕಾಗುತ್ತದೆ. ಆದರೆ ನಿಮ್ಮ 25 ಮಿ.ಮೀ. ಐಪೀಸ್ ಕೊಡುವುದು 24 ಪಟ್ಟು. ಅಲ್ಲಿ ಚಂದ್ರ, ಕೃತ್ತಿಕೆ, ಓರಿಯನ್ ನೆಬ್ಯುಲಾ ಯಾವುದರಲ್ಲೂ ನನಗೆ ವ್ಯತ್ಯಾಸ ಕಂಡಿಲ್ಲ. 10 ಮಿ.ಮೀ.ನ 60 ಪಟ್ಟಿನಲ್ಲಿ ಹುಡುಕಿದರೆ ಕಾಣುತ್ತದೆ, ಹುಡುಕದಿದ್ದರೆ ಇಲ್ಲ.

ಜೋಡಿ ನಕ್ಷತ್ರ ಒಡೆದು ನೋಡುವ ಹುಚ್ಚು ಇದ್ದರೆ ಕನ್ನಡಿ ಇಟ್ಟುಕೊಳ್ಳಿ. ಅಮಿಚಿ ಬಂತು ಅಂತ ಹಳೆಯದನ್ನು ಮಾರಬೇಡಿ.

ಕುತ್ತಿಗೆ_ನೋವು
ಜೋಡಿ ನಕ್ಷತ್ರ ಅಂದಾಗ ನೆನಪಾಯಿತು. ನಾನು ಮೊದಲು ಆನ್‌ಲೈನ್‌ನಲ್ಲಿ ಸಿಕ್ಕ ತೀರಾ ಅಗ್ಗದ ಅಮಿಚಿ ತಂದಿದ್ದೆ. ಮೊದಲ ರಾತ್ರಿ ರೋಹಿಣಿ ನೋಡಿದೆ, ಎರಡು ಕಂಡಿತು. ಆರಿದ್ರಾ ನೋಡಿದೆ, ಎರಡು. ನನ್ನ ಟೆಲಿಸ್ಕೋಪ್ ಇಷ್ಟು ಚೆನ್ನಾಗಿದೆಯಾ ಅಂತ ಖುಷಿಯಾಗಿ ಡೈರಿಯಲ್ಲಿ ಬರೆದಿಟ್ಟೆ. ಆರನೇ ನಕ್ಷತ್ರವೂ ಜೋಡಿ ಆದಾಗ ಅನುಮಾನ ಬಂತು.

ಮೇಷ್ಟ್ರು_ಮನೆ
ಸೂರಿನ ಕೋನ 90 ಡಿಗ್ರಿಯಿಂದ ಕೆಲವೇ ಆರ್ಕ್‌ಸೆಕೆಂಡ್ ತಪ್ಪಿದರೂ ಹೀಗೆ ಚಿತ್ರ ಎರಡಾಗುತ್ತದೆ. ಅದಕ್ಕೇ ಒಳ್ಳೆಯ ಅಮಿಚಿಗೆ ಬೆಲೆ ಜಾಸ್ತಿ, ಉಜ್ಜುವುದು ಕಷ್ಟ. ಬಾಡರ್ ಕಂಪನಿಯ ದೊಡ್ಡ ಅಮಿಚಿ ಒಂದನ್ನು ಒಮ್ಮೆ ಸ್ನೇಹಿತರ ಮನೆಯಲ್ಲಿ ನೋಡಿದೆ. ಗೆರೆ ಹುಡುಕಿ ಹುಡುಕಿ ಸುಸ್ತಾದೆ. ಬೆಲೆ ಕೇಳಿ ಇನ್ನೂ ಸುಸ್ತಾದೆ.

ಕೊಂಡ ದಿನವೇ ಒಂದು ಪರೀಕ್ಷೆ ಮಾಡಿ. ಒಂದು ಹೊಳೆಯುವ ನಕ್ಷತ್ರವನ್ನು ನಿಮ್ಮಲ್ಲಿರುವ ಹೆಚ್ಚಿನ ಪಟ್ಟಿನಲ್ಲಿ ನೋಡಿ. ಗೆರೆ ಇದ್ದರೆ ಸಹಜ. ಎರಡು ಕಂಡರೆ ವಾಪಸ್ ಕೊಡಿ. ಇನ್ನೊಂದು, ಕೆಲವು ಪ್ರಿಸಂಗಳ ಒಳಗಿನ ಕಿಂಡಿ ಚಿಕ್ಕದಾಗಿರುತ್ತದೆ, 45 ಡಿಗ್ರಿಯವು ಜಾಸ್ತಿ ಹೀಗೆ. 32 ಮಿ.ಮೀ. ಪ್ಲಾಸಲ್ ಐಪೀಸ್ ಹಾಕಿದರೆ ನೋಟದ ಅಂಚು ಕತ್ತಲಾಗುತ್ತದೆ. ನಿಮ್ಮ 25ಕ್ಕೆ ತೊಂದರೆ ಆಗಲಿಕ್ಕಿಲ್ಲ.

ಹಕ್ಕಿಪುಕ್ಕ
ಅಂಗಡಿಯಲ್ಲಿ ಅಮಿಚಿಯೋ ಬರೀ ಸ್ಟಾರ್ ಡಯಾಗೊನಲ್ಲೋ ಅಂತ ಗೊತ್ತಾಗದಿದ್ದರೆ ಮೂತಿಯ ಕಡೆಯಿಂದ ಒಳಗೆ ನೋಡಿ. ಗಾಜಿನ ನಡುವೆ ಒಂದು ಗೆರೆ ಕಂಡರೆ ಅಮಿಚಿ. ಮನೆಯಲ್ಲಾದರೆ ಇನ್ನೂ ಸುಲಭ, ದೂರದ ಅಂಗಡಿ ಬೋರ್ಡ್ ಓದಿ. ಓದಲು ಬಂದರೆ ಅಮಿಚಿ. ಬಾರದಿದ್ದರೆ ಕನ್ನಡಿ.

ಸುಮ್ನೆ_ಬಂದೆ
ಕನ್ನಡಿ ಡಯಾಗೊನಲ್‌ನಲ್ಲಿ ಸರಿಯಾಗಿ ಓದಬಹುದಾದ ಬೋರ್ಡ್ ಒಂದೇ ಇದೆ. ಆಂಬುಲೆನ್ಸ್ ಮೂತಿಯದ್ದು.

ಅಮ್ಮನ_ಟಾರ್ಚು
😂 ಇವತ್ತಿನ ಉತ್ತರ ಇದೇ.

ಹಕ್ಕಿಪುಕ್ಕ
ಹಗಲಲ್ಲಿ ಬೋರ್ಡ್ ಓದುವಾಗ ಒಂದು ಎಚ್ಚರ. ಸೂರ್ಯ ಇರುವ ಕಡೆ ಟ್ಯೂಬ್ ತಿರುಗಿಸಲೇಬೇಡಿ. ಮಕ್ಕಳ ಕೈಗೆ ಬಿಟ್ಟು ಕೆಳಗೆ ಹೋಗಬೇಡಿ. ಟ್ಯೂಬಿನ ಮುಂದೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಸೂರ್ಯನನ್ನು ನೋಡಿದರೆ ಕಣ್ಣು ಅಷ್ಟೇ.

ಡಾಬ್_ದಾವಣಗೆರೆ
ಎಲ್ಲರೂ ಐಪೀಸ್ ಬಗ್ಗೆ ಮಾತಾಡುತ್ತಿದ್ದೀರಿ. ತಾರಸಿಯವರ ನಿಜವಾದ ಕಷ್ಟ ಹುಡುಕೋದರಲ್ಲಿ ಇದೆ. ಫೈಂಡರ್ ಬದಲಿಸಿ! ನಾನು ಡಾಬ್‌ಗೆ 8×50 ಬಗ್ಗು ಫೈಂಡರ್ ಹಾಕಿದೆ, ಒಳಗೆ ಇದೇ ಅಮಿಚಿ ಇರುತ್ತದೆ. ನಕ್ಷೆಯಲ್ಲಿ ಹೇಗಿದೆಯೋ ಹಾಗೇ ಕಾಣುತ್ತದೆ, ಮೇಲಿಂದ ಆರಾಮಾಗಿ ನೋಡಬಹುದು. ನೇರ ಫೈಂಡರ್‌ನಲ್ಲಿ ಗುರುವನ್ನು ಹಿಡಿಯೋಕೆ ನೆಲದ ಮೇಲೆ ಮಂಡಿ ಊರಬೇಕಿತ್ತು. ಫೈಂಡರ್ ಬರೀ 8 ಪಟ್ಟು, ಅಲ್ಲಿ ಗೆರೆಯೂ ಇಲ್ಲ ಮಂಕೂ ಇಲ್ಲ. ಪ್ರಿಸಂ ಬೇಕಾದ್ದು ಅಲ್ಲಿ.

ಕನ್ನಡಿ_ಕಾಕಾ
ಇದನ್ನು ಒಪ್ಪುತ್ತೇನೆ. ನನ್ನ ಫೈಂಡರ್‌ನಲ್ಲೂ ಅಮಿಚಿಯೇ ಇದೆ.

ಸುಮ್ನೆ_ಬಂದೆ
ಏನು?! 20 ವರ್ಷದ ಕನ್ನಡಿ ವ್ರತ?

ಕನ್ನಡಿ_ಕಾಕಾ
ಐಪೀಸ್‌ಗೆ ಮಾತ್ರ ವ್ರತ. ಫೈಂಡರ್ ದಾರಿ ಕೇಳೋಕೆ. ದಾರಿ ಕೇಳುವಾಗ ಎಡ ಬಲ ಸರಿ ಇರಲೇಬೇಕು.

ಒಂದು ಕೊರತೆ ಇದೆ. ಬಗ್ಗು ಫೈಂಡರ್‌ನಲ್ಲಿ ಕೆಳಗೆ ನೋಡುತ್ತಾ ಮೇಲಿನದಕ್ಕೆ ಗುರಿ ಇಡಬೇಕು. ಎಲ್ಲಿ ನೋಡುತ್ತಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಕೆಂಪು ಚುಕ್ಕೆ ಫೈಂಡರ್ ಜೊತೆಗಿರಲಿ. ಅದರಲ್ಲಿ ಎರಡೂ ಕಣ್ಣು ತೆರೆದು ನಕ್ಷತ್ರದ ಮೇಲೆ ಚುಕ್ಕೆ ಇಡೋದು, ಆಮೇಲೆ ಬಗ್ಗು ಫೈಂಡರ್‌ನಲ್ಲಿ ನಕ್ಷೆ ಹಿಡಿದು ಮುಂದಕ್ಕೆ ಹೋಗೋದು. ಮತ್ತೆ ಯಾವ ಡಯಾಗೊನಲ್ ಇದ್ದರೂ ದಿಕ್ಕು ತಿಳಿಯುವ ಹಳೇ ಉಪಾಯ ಕಲಿತಿರಿ. ಟ್ಯೂಬ್ ಮುಟ್ಟದೆ ಬಿಡಿ, ನಕ್ಷತ್ರ ಯಾವ ಕಡೆ ಜಾರಿ ಹೊರಗೆ ಹೋಗುತ್ತದೋ ಅದು ಪಶ್ಚಿಮ. ಟ್ಯೂಬನ್ನು ಧ್ರುವದ ಕಡೆ ಒಂದಿಷ್ಟೇ ತಳ್ಳಿ, ಹೊಸ ನಕ್ಷತ್ರ ಯಾವ ಕಡೆಯಿಂದ ಒಳಗೆ ಬರುತ್ತದೋ ಅದು ಉತ್ತರ.

ತುಮಕೂರು_ತಾರಸಿ
ಕಾಕಾ, ಇದನ್ನು ಬರೆದಿಟ್ಟುಕೊಂಡೆ. ಆದರೆ ಇಲ್ಲಿ ಧ್ರುವ ಕಾಣೋದೇ ಇಲ್ಲ. 13 ಡಿಗ್ರಿ ಎತ್ತರದಲ್ಲಿ ಎದುರು ಮನೆಯ ನೀರಿನ ಟ್ಯಾಂಕ್ ಇದೆ.

ಮಲೆನಾಡ_ಮಂಜು
ಟ್ಯಾಂಕ್ ಕಡೆ ತಳ್ಳಿ.

ಅಮ್ಮನ_ಟಾರ್ಚು
ವಿಷಯ ಬೇರೆ, ತಾರಸಿ ಮೇಲೆ ಸೊಳ್ಳೆಗೆ ಏನು ಮಾಡುತ್ತೀರಿ ಎಲ್ಲರೂ? ನಾನು ಬತ್ತಿ ಹಚ್ಚಿದರೆ ಹೊಗೆ ನೇರ ಲೆನ್ಸ್ ಮುಂದೆ ಹೋಗುತ್ತದೆ.

ಕುತ್ತಿಗೆ_ನೋವು
ಪಂಚೆ ಬಿಟ್ಟು ಪ್ಯಾಂಟ್ ಹಾಕಿ ಅಂತ ಹೇಳಬೇಕೆಂದಿದ್ದೆ, ಆಮೇಲೆ ಹೆಸರು ನೋಡಿದೆ. ಟೇಬಲ್ ಫ್ಯಾನ್ ಕಾಲಿನ ಕಡೆ ಇಡಿ. ಇಬ್ಬನಿಯೂ ಸ್ವಲ್ಪ ಕಡಿಮೆಯಾಗುತ್ತದೆ.

ಬವೇರಿಯಾ_ಬೆಳಗಾವಿ
ಇಲ್ಲಿ ಮೈನಸ್ 6. ಸೊಳ್ಳೆ ಕಚ್ಚಿದರೂ ಪರವಾಗಿಲ್ಲ ಅನ್ನಿಸುತ್ತಿದೆ. ಊರಲ್ಲಿ ಅವರೆಕಾಳು ಸೀಸನ್ ಬೇರೆ.

(ಎರಡು ವಾರದ ನಂತರ)

ತುಮಕೂರು_ತಾರಸಿ
ಬಂತು. 90 ಡಿಗ್ರಿ ಅಮಿಚಿ, ಮಧ್ಯಮ ಬೆಲೆಯದ್ದು. ಮೊದಲ ರಾತ್ರಿ ಮೇಷ್ಟ್ರ ಪರೀಕ್ಷೆ ಮಾಡಿದೆ. ಲುಬ್ಧಕನ ಮೇಲೆ ಒಂದು ಗೆರೆ ಇದೆ, ಎರಡು ಕಾಣುತ್ತಿಲ್ಲ. ಪಾಸ್. ಗುರುವನ್ನು ಎರಡರಲ್ಲೂ ನೋಡಿದೆ. ಕನ್ನಡಿಯಲ್ಲಿ ಪಟ್ಟಿ ಒಂದು ಕೈ ಜಾಸ್ತಿ ಚೆನ್ನಾಗಿದೆ, ಕಾಕಾ ಗೆದ್ದರು. ಚಂದ್ರನಿಲ್ಲದ ರಾತ್ರಿ ಮೋಡ ಇಲ್ಲ, ಈಗ ಇನ್ನೇನು ನೋಡಲಿ?

ಮಲೆನಾಡ_ಮಂಜು
ಅಮಿಚಿ ಇದ್ದವರು ನೋಡಲೇಬೇಕಾದ್ದು ಒಂದಿದೆ. ಎನ್‌ಜಿಸಿ 2169. ಓರಿಯನ್ ಎತ್ತಿದ ಕೈಯ ಹತ್ತಿರ, ನ್ಯೂ ಮತ್ತು ಕ್ಸಿ ನಕ್ಷತ್ರಗಳ ಪಕ್ಕ ಒಂದು ಪುಟ್ಟ ಗುಚ್ಛ. 60 ಪಟ್ಟಿನಲ್ಲಿ ನೋಡಿ. ಏನು ಕಾಣುತ್ತದೆ ಅಂತ ನಾನು ಹೇಳುವುದಿಲ್ಲ, ಮನೆಯಲ್ಲಿ ಅಂಕಿ ಓದುವ ಮಗು ಇದ್ದರೆ ಅದಕ್ಕೆ ತೋರಿಸಿ.

ತುಮಕೂರು_ತಾರಸಿ
ನೋಡಿದೆವು! ಹುಡುಕೋಕೆ ಅರ್ಧ ಗಂಟೆ ಆಯಿತು, ಹಳೇ ತಲೆಕೆಳಗಿನ ಫೈಂಡರ್ ಇನ್ನೂ ಬದಲಿಸಿಲ್ಲ. ಮಗಳು ಎರಡನೇ ಕ್ಲಾಸು. ಕಣ್ಣಿಟ್ಟವಳು ತಲೆ ಸ್ವಲ್ಪ ವಾಲಿಸಿ "ಅಪ್ಪಾ, ಮೂವತ್ತೇಳು ಅಂತ ಬರೆದಿದ್ದಾರೆ" ಅಂದಳು. ಯಾರು ಬರೆದದ್ದು ಅಂತ ಬೇರೆ ಕೇಳಿದಳು. ಆಮೇಲೆ ಡಯಾಗೊನಲ್ ಬದಲಿಸಿ ಕನ್ನಡಿಯದ್ದು ಹಾಕಿ ತೋರಿಸಿದೆ. ತಲೆ ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. "ಈಗ ತಪ್ಪು ಬರೆದಿದ್ದಾರೆ" ಅಂದಳು.

ಮೇಷ್ಟ್ರು_ಮನೆ
ಸಮ ಬೆಸದ ಪಾಠ ಇಷ್ಟು ಚೆನ್ನಾಗಿ ನಾನು ಮಾಡಿದ್ದಿಲ್ಲ. ಡಾಬ್‌ನವರಿಗೆ ಅದು ತಿರುಗಿ ಎಲ್‌ಇ ಅನ್ನೋ ಇಂಗ್ಲಿಷ್ ಅಕ್ಷರದ ಹಾಗೆ ಕಾಣುತ್ತದೆ, ಆದರೆ ತಲೆ ತಿರುಗಿಸಿದರೆ ಮತ್ತೆ 37.

ಡಾಬ್_ದಾವಣಗೆರೆ
ಈಗಷ್ಟೇ ಹೋಗಿ ನೋಡಿ ಬಂದೆ. ತಲೆ ತಿರುಗಿಸಿ ನೋಡೋಕೆ ಹೋಗಿ ಟ್ಯೂಬಿಗೆ ಹಣೆ ಬಡಿಯಿತು. 37 ಹೌದು.

(ಮತ್ತೆ ಹುಣ್ಣಿಮೆ ಹತ್ತಿರ)

ತುಮಕೂರು_ತಾರಸಿ
ಕೊನೆಯ ವರದಿ. ಅಮ್ಮನನ್ನು ಮೇಲೆ ಕರೆದುಕೊಂಡು ಬಂದೆ. ಕುರ್ಚಿ ಹಾಕಿ, ಶಾಲು ಹೊದಿಸಿ, ಅಮಿಚಿ ಹಾಕಿ, 25 ಮಿ.ಮೀ. ಇಟ್ಟೆ. ಅಮ್ಮ ಐಪೀಸ್ ನೋಡಿದರು, ಮೇಲೆ ನೋಡಿದರು, ಮತ್ತೆ ಐಪೀಸ್ ನೋಡಿದರು. "ಹ್ಞಾ, ಈಗ ಸರಿ ಕೂತಿದೆ" ಅಂದರು. ಎದ್ದು ಹೊರಟರು. ಒಲೆ ಮೇಲೆ ಹಾಲು ಇತ್ತಂತೆ.

ಕನ್ನಡಿ_ಕಾಕಾ
ಹಾಲು ಉಕ್ಕಿತಾ?

ತುಮಕೂರು_ತಾರಸಿ
ಉಕ್ಕಿತು. ತಪ್ಪು ನನ್ನದೇ ಅಂತೆ. ಮುಂದಿನ ತಿಂಗಳು ಬಗ್ಗು ಫೈಂಡರ್ ಕೊಳ್ಳುತ್ತೇನೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಹಕ್ಕಿಪುಕ್ಕ
ಹಾಗಾದರೆ ಆ ಹಳೇ 6×30 ಏನು ಮಾಡುತ್ತೀರಿ? ಕೊಡುವುದಿದ್ದರೆ ನನಗೆ ಹೇಳಿ.